ಅಂಗಾಲು ನೋಡುವ ಚಿಕ್ಕಯ್ಯ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಯಾರೆಂದು ಕೇಳಿದರೆ ಜನ ಒಂದು ಕ್ಷಣ ಯೋಚಿಸುತ್ತಾರೆ. ಕಾಂಪೌಂಡರ್ ಚಿಕ್ಕಯ್ಯನನ್ನು ಮಾತ್ರ ಎಲ್ಲರೂ ಬಲ್ಲರು. ಕತ್ತಲೆಯ ಔಷಧಿ ಕೋಣೆಯಲ್ಲೂ ಕಪ್ಪು ಕನ್ನಡಕ ತೆಗೆಯದ ಆಸಾಮಿ. ಗುಟ್ಟಿನ ಕಾಯಿಲೆಯವರು ಬಂದು, 'ನಮ್ ಸ್ನೇಹಿತಂಗೆ ಒಸಿ ತೊಂದ್ರೆ ಕಣಣ್ಣ' ಎಂದೇ ಶುರು ಮಾಡುತ್ತಾರೆ. 'ಹಂಗಾರೆ ನಿನ್ ಸ್ನೇಹಿತಂಗೆ ಚಪ್ಲಿ ಬುಡಕ್ಕೇಳು' ಎನ್ನುತ್ತಾನೆ ಇವನು. ಊರಿನ ಅರ್ಧ ಜನ ರೇಷ್ಮೆ ನೂಲು ತೆಗೆಯುವವರು; ಅಂಗೈಯಲ್ಲಿ ಕೆಂಪು ಮಚ್ಚೆ ಎದ್ದರೆ ಗೂಡು ಬೇಯಿಸುವ ಬಿಸಿನೀರಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ. 'ಕೈ ಬಿಸ್ನೀರಲ್ಲಿತ್ತು, ಸರಿ. ಕಾಲೂ ಅದ್ದಿದ್ದೇನಪ್ಪ?' ಎಂದು ಅಂಗಾಲಿನ ಮಚ್ಚೆಗಳನ್ನು ತೋರಿಸುತ್ತಾನೆ ಚಿಕ್ಕಯ್ಯ. ಅದಕ್ಕೂ ಮುಂಚೆ ನೋವಿಲ್ಲದ ಒಂದು ಹುಣ್ಣಾಗಿ, ತಾನಾಗಿಯೇ ವಾಸಿಯಾಗಿತ್ತೇ ಎಂದು ಕೇಳಿ, 'ಇದು ಸಿಫಿಲಿಸ್ಸು. ಹುಣ್ಣು ಹೋಯ್ತು, ಕಾಯ್ಲೆ ಹೋಗ್ನಿಲ್ಲ, ಒಳಿಕ್ಕೋಯ್ತು. ಈ ಮಚ್ಚೆನೂ ಹೋಯ್ತದೆ, ಆಗ್ಲೂ ನಂಬ್ಬೇಡ' ಎಂದು ರಕ್ತಪರೀಕ್ಷೆಗೆ, ಸೂಜಿಗೆ ಡಾಕ್ಟರ ಕಡೆ ತಳ್ಳುತ್ತಾನೆ. 'ಹೆಂಡ್ತೀನೂ ಕರ್ಕೊಂಡ್ ಬಾ' ಎಂದಾಗ ಮಾತ್ರ ಎಂಥ ಪೈಲ್ವಾನನೂ ಸ್ನೇಹಿತನ ಕಥೆ ಮರೆತು, 'ಅವಳ್ಯಾಕಣ್ಣ, ಬಸುರಿ' ಎಂದು ಗೋಗರೆಯುತ್ತಾನೆ. ಆಗ ಚಿಕ್ಕಯ್ಯ ಕನ್ನಡಕ ತೆಗೆಯುತ್ತಾನೆ. ಎಡಗಣ್ಣು ಹಾಲು ಚೆಲ್ಲಿದಷ್ಟು ಬಿಳುಪು. 'ನಮ್ಮಪ್ಪನೂ ನೂಲು ತೆಗೀತಿದ್ದ. ಆಗ ನಮ್ಮವ್ವ ನನ್ನ ಬಸುರಿ. ಅಪ್ಪನ ಅಂಗೈ ನೋಡ್ದೋರೆಲ್ಲ ಬಿಸ್ನೀರು ಅಂದ್ಬುಟ್ರು. ಅಪ್ಪನಿಂದ ಅವ್ವಂಗೆ ಬಂತು, ಅವ್ವನಿಂದ ಈ ಕಣ್ಣಿಗೆ ಬಂತು. ಅಂಗಾಲು ಯಾರೂ ನೋಡ್ನಿಲ್ಲ ಕಣಪ್ಪ.'