ನಾಲ್ಕನೆಯ ಗೋಡೆಯ ಇದ್ದಲಿ ಬಣ್ಣ

ಹೇಳಬೇಕಾದ ಹೊತ್ತಿನಲ್ಲಿ ನಾನು ಒಂದು ನಿಜ ಹೇಳಲಿಲ್ಲ. ಅದರಿಂದ ನನ್ನ ಅಣ್ಣ ಶರಣಪ್ಪ ಬ್ರಷ್ ಕೆಳಗಿಟ್ಟ.

ಅದು 1997ರ ಬೇಸಿಗೆ. ಅಣ್ಣನೂ ನಾನೂ ಕಲಬುರಗಿಯಲ್ಲಿ ಮನೆಗಳಿಗೆ ಬಣ್ಣ ಹಚ್ಚುತ್ತಿದ್ದೆವು. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಕೆಲಸ ಕಲಿಸಿದವನು ಅಣ್ಣನೇ. ನಾವು ಬಣ್ಣ ಕೊಳ್ಳುವ ಅಂಗಡಿಯಲ್ಲಿ ಆಗ ಬೆರೆಸುವ ಮಷೀನು ಇರಲಿಲ್ಲ. ಎಮಲ್ಷನ್‌ಗೆ ಸ್ಟೇನರ್, ಅಂದರೆ ಗಟ್ಟಿ ಬಣ್ಣದ ದ್ರವ, ಹನಿಹನಿಯಾಗಿ ಸೇರಿಸಿ ಕಣ್ಣಳತೆಯಲ್ಲೇ ಕಲಸಬೇಕಿತ್ತು. ಅಣ್ಣನ ಕಣ್ಣು ತಪ್ಪುವುದಿಲ್ಲ ಎಂಬ ಹೆಸರಿತ್ತು. ನಾವು ಉಣ್ಣುತ್ತಿದ್ದದ್ದು ಆ ಹೆಸರಿನಿಂದಲೇ.

ಊರಿನ ಗಾಜಿಪುರ ಬಡಾವಣೆಯ ಒಬ್ಬ ವಕೀಲರು ಯಾವುದೋ ಪತ್ರಿಕೆಯ ಚಿತ್ರ ತೋರಿಸಿ, ಹಾಲ್‌ನ ನಾಲ್ಕೂ ಗೋಡೆಗೆ ಇದ್ದಲಿ ಬಣ್ಣವೇ ಬೇಕೆಂದರು. ಅವರ ತಾಯಿ ಬಾಗಿಲಲ್ಲಿ ನಿಂತು, "ಏನೋ ಶರಣಪ್ಪಾ, ಹಂಚಿನ್ಹಂಗ ಮಾಡಾಕತ್ತೀಯಲ್ಲೋ! ಗ್ವಾಡಿ ಮ್ಯಾಲೇ ರೊಟ್ಟಿ ಸುಡ್ಲೇನು?" ಎಂದರು.

"ಸುಡ್ರೀ ಅವ್ವಾರ, ಬಿಸಿಬಿಸಿ ನಾವೂ ಉಣ್ತೀವಿ" ಎಂದು ಅಣ್ಣ ನಕ್ಕ.

ಕಡು ಬಣ್ಣ ಎಲ್ಲವನ್ನೂ ಮುಚ್ಚುತ್ತದೆ ಎಂದು ಜನ ತಿಳಿಯುತ್ತಾರೆ. ಕೊಳೆ ಮುಚ್ಚೀತು, ಕೈತಪ್ಪು ಮಾತ್ರ ಎದ್ದು ಕಾಣುತ್ತದೆ. ಅದಕ್ಕೇ ಅಣ್ಣ ಇಡೀ ಹಾಲ್‌ಗೆ ಸಾಲುವ ಬಣ್ಣವನ್ನು ಒಂದೇ ಡ್ರಮ್ಮಿನಲ್ಲಿ ಕಲಸಿದ. ನೀಲಿ ಛಾಯೆ ಏಳದಿರಲೆಂದು ಕೊನೆಗೆ ಚೂರು ಕಂದು ಹಾಕಿದ. ಮೂರು ಗೋಡೆ ಮುಗಿದಿತ್ತು. ಅಷ್ಟರಲ್ಲಿ ಕಮಲಾಪುರದಲ್ಲಿ ಅವನ ಮಾವ ತೀರಿಕೊಂಡ ಸುದ್ದಿ ಬಂತು. "ಮಲ್ಲ್ಯಾ, ಡ್ರಮ್ಮಿನ ಬಾಯಿ ಮುಚ್ಚು" ಎಂದು ನನಗೆ ಹೇಳಿ ಹೋದ.

ನಾನು ಮುಚ್ಚದೆ ಊಟಕ್ಕೆ ಹೋಗಿ, ನೆರಳಲ್ಲಿ ಮಲಗಿಬಿಟ್ಟೆ. ಬಿಸಿಗಾಳಿಗೆ ಬಣ್ಣ ಕೆನೆಗಟ್ಟಿ ಗಂಟುಗಂಟಾಗಿತ್ತು. ಬೈಗುಳಕ್ಕೆ ಹೆದರಿ ಅದನ್ನು ಚೆಲ್ಲಿ, ಹೊಸದಾಗಿ ನಾನೇ ಕಲಸಿ ಹಚ್ಚಿದೆ. ಕಂದು ಹಾಕುವುದು ಮರೆತೆ. ಹಸಿಯಿದ್ದಾಗ ಎಲ್ಲ ಒಂದೇ ಕಂಡಿತು. ಒಣಗಿದ ಮೇಲೆ ನಾಲ್ಕನೆಯ ಗೋಡೆ ನೀಲಿಗೆ ತಿರುಗಿತ್ತು.

ಅಣ್ಣ ಮರಳಿದಾಗ ವಕೀಲರು, "ನಿನ್ನ ಕಣ್ಣು ನಂಬಿದ್ನಲ್ಲೋ ಶರಣಪ್ಪಾ" ಎಂದರು. ಅಣ್ಣ ನನ್ನ ಕಡೆ ತಿರುಗಿದ. "ನಾ ಕಲಸಿದ್ದೇ ಹಚ್ಚಿದಿ ಹೌದಿಲ್ಲೋ?"

"ಹೂನಣ್ಣ, ಅದೇ."

ಅವನು ನಂಬಿದ. "ಡ್ರಮ್ಮಿನ ತಳದಾಗ ಕಂದು ಕೂಡೇ ಇಲ್ಲ. ನನ್ನ ಕಣ್ಣಿಗೆ ಕಾಣ್ಲಿಲ್ಲ ನೋಡು" ಎಂದ. ನಾಲ್ಕೂ ಗೋಡೆಗೆ ಮತ್ತೆ ಬಣ್ಣ ಹಚ್ಚಿದೆವು. ಆಮೇಲೆ ಬಿಳಿಗೆ ಹಳದಿ ಕಲಸುವುದಕ್ಕೂ ಅವನು ಅಂಜುತ್ತಿದ್ದ. ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಎಂದರೂ ಅವನು ಒಪ್ಪಲಿಲ್ಲ. ಕೊನೆಗೆ ಕಮಲಾಪುರಕ್ಕೆ ಹೋಗಿ ಬಾಳೆಹಣ್ಣಿನ ವ್ಯಾಪಾರಕ್ಕೆ ಕೂತ. ನಾನು ಒಬ್ಬನೇ ಏಣಿ ಹೊತ್ತು ತಿರುಗಿದೆ. ಜೊತೆಗೆ ದುಡಿಯುವವರಿಗೆ ಈಗ ನಾನು ಹೇಳುವುದು ಒಂದೇ: ತಪ್ಪಾದರೆ ಬಣ್ಣ ಹಸಿಯಿದ್ದಾಗಲೇ ಹೇಳಿಬಿಡ್ರೀ. ಅದನ್ನು ನಾನು ಕಲಿಯುವಷ್ಟರಲ್ಲಿ ಎಂಟು ವರ್ಷ ಕಳೆದಿದ್ದವು.

ಆ ಎಂಟನೇ ವರ್ಷ ಮಗಳ ಮದುವೆಗೆಂದು ಅಣ್ಣ ತನ್ನ ಮನೆಗೆ ಬಣ್ಣ ಹಚ್ಚಲು ಕರೆದಿದ್ದ. ನಾನು ಬಣ್ಣ ತೋರಿಸಿದರೆ, "ನನಗೇನು ತಿಳೀತದೋ, ನೀನೇ ನೋಡು" ಎಂದು ಅಂಗಳದಲ್ಲಿ ಕೆಂಪು ಬಾಳೆಯ ಗೊನೆಗಳ ಮುಂದೆ ಕೂತ. "ಇದು ನಾಳಿಗಿ ಹಣ್ಣಾಗ್ತದ, ಇದು ನಾಡಿದ್ದು" ಎಂದು ಬೇರೆ ಮಾಡತೊಡಗಿದ. ನನ್ನ ಕಣ್ಣಿಗೆ ಎರಡೂ ಒಂದೇ ಕೆಂಪು.

ನಾನು ಏಣಿ ಇಳಿದು ಅವನ ಎದುರು ಕೂತೆ.

"ಅಣ್ಣಾ, ವಕೀಲರ ಮನಿ ನಾಕನೇ ಗ್ವಾಡಿ ಬಣ್ಣ ನಾ ಕಲಸಿದ್ದು. ನಿಂದು ಒಣಗಿ ಹೋಗಿತ್ತು, ಚೆಲ್ಲಿದ್ದೆ. ನಿನ್ನ ಕಣ್ಣು ಎಂದೂ ತಪ್ಪಿಲ್ಲ. ತಪ್ಪಿದಾಂವ ನಾ. ಕ್ಷಮಾ ಮಾಡಣ್ಣಾ."