ಬೆನ್ನಿನ ಕಡೆ ತಿಕ್ಕಿದ ಸಿ.ಡಿ.

ಆಗ ನನಗೆ ಅರವತ್ತೇಳು. ಎರಡು ವರ್ಷದ ಹಿಂದಿನ ಮಾತು. ಮಸ್ಕಿಯ ನಮ್ಮ ಮನೆಯ ದೇವರ ಜಗುಲಿಯ ಮೇಲೆ ಮಗಳ ಮದುವೆಯ ಸಿ.ಡಿ. ಇತ್ತು. ಮಗಳು ಇರಲಿಲ್ಲ. ಹೆತ್ತ ಹನ್ನೊಂದನೆಯ ದಿನಕ್ಕೆ ತೀರಿಕೊಂಡಳು. ಕೂಸನ್ನು ನಾನು ಸಾಕಿದೆ.

ಎರಡು ವರ್ಷದ ಹಿಂದೆ, ಬೆಳೆದು ನಿಂತ ಆ ಕೂಸಿಗೂ ಮದುವೆ ಗೊತ್ತಾಯಿತು. ಅವಳು ಕೇಳಿದ್ದು ಒಂದೇ. ಅವರವ್ವ ಲಿಂಗಸುಗೂರಿನ ಗಂಡನ ಮನೆಯ ಹೊಸ್ತಿಲಲ್ಲಿ ನಿಂತು ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಿದ್ದು ಆ ಸಿ.ಡಿ.ಯಲ್ಲಿತ್ತು. ಹೇಳದೆ ಒಳಗೆ ಬಿಡುವುದಿಲ್ಲವೆಂದು ನಾದಿನಿಯರು ಅಡ್ಡ ನಿಂತಿದ್ದರು. ಅದೇ ಒಡಪಿನಲ್ಲಿ ಹೆಸರಷ್ಟು ಬದಲಿಸಿ ತಾನೂ ಹೇಳಬೇಕು, ಅವ್ವನ ದನಿ ಒಮ್ಮೆ ಕೇಳಬೇಕು ಅಂದಳು. ಆ ದನಿ ಬೇರೆ ಎಲ್ಲಿಯೂ ಇರಲಿಲ್ಲ. ಸಿ.ಡಿ. ಹಾಕುವ ಪೆಟ್ಟಿಗೆ ಅವಳು ಕೂಸಿದ್ದಾಗಲೇ ಕೆಟ್ಟಿತ್ತು.

ಇಬ್ಬರೂ ಸಿಂಧನೂರಿಗೆ ಹೋದೆವು. ಹಳೇ ಕ್ಯಾಸೆಟ್ಟು, ಸಿ.ಡಿ.ಗಳನ್ನು ಮೊಬೈಲಿಗೆ ಹಾಕಿಕೊಡುವ ಅಂಗಡಿ. ಅಂಗಡಿಯವರು ಗಡ್ಡ ನರೆತವರು. ಯಂತ್ರಕ್ಕೆ ಹಾಕಿದರು. ಗರ್ ಎಂದಿತು, ನಿಂತಿತು. ಮೂರು ಸಲ ಹಾಕಿದರು. ಆಮೇಲೆ ತೆಗೆದು ಬೆಳಕಿಗೆ ಹಿಡಿದರು. ಜರಡಿಯ ತೂತಿನಿಂದ ಬಂದ ಹಾಗೆ ಬೆಳಕು ತೂರಿ ಬಂತು.

“ಯಮ್ಮಾ, ಇದನ್ನ ಯಾತರಿಂದ ತಿಕ್ಕೀರಿ?”

“ಹುಣಸೆಹಣ್ಣು, ಬೂದಿ. ಅಮಾಸಿಗೊಮ್ಮೆ. ಜಗಲಿ ಮ್ಯಾಲಿನ ಸಾಮಾನೆಲ್ಲಾ ಹಂಗ ತಿಕ್ಕತೀನ್ರೀ. ಹೊಳಿಯೋ ಮುಖಕ್ಕ ಮುಟ್ಟಿಲ್ಲ, ಸೆರಗಿಲೆ ಒರಸೀನಿ. ಹೆಸರು ಬರದಾರಲ್ಲ, ಆ ಬೆನ್ನಿಗೆ ಪೂಜಿಯ ಇಬತ್ತಿ ಅರಿಷಿಣ ಹತ್ತಿತ್ತು. ಅದನ್ನಷ್ಟ ತಿಕ್ಕೀನಿ.”

“ಇದರ ಜೀವ ಇರೋದ ಬೆನ್ನಾಗ ರೀ. ಆ ಹೆಸರು ಬರದ ಬಣ್ಣದ ಕೆಳಗ ಕೂದಲಿಗಿಂತ ತೆಳ್ಳಗ ಬೆಳ್ಳಿಯಂಥಾ ಪದರ ಐತಿ. ಹೊಳಿಯೋ ಕಡೆ ದಪ್ಪ ಪ್ಲಾಸ್ಟಿಕ್ಕು, ಅಲ್ಲಿ ಗೀರು ಬಿದ್ರ ಉಜ್ಜಿ ನೋಡಬಹುದು. ಇಲ್ಲಿ ಕಿತ್ತರ ಮುಗೀತು.”

ನಾನು ಬಿಡಲಿಲ್ಲ. “ತಿಕ್ಕದಿದ್ರ ಉಳೀತಿತ್ತೇನು?”

“ಜಗಲಿಗೆ ಬಿಸಲು ಬೀಳತೈತೇನು?”

“ಮುಂಜಾನೆ ಬೀಳತೈತಿ.”

“ಫೋಟೋದವರು ತಾವ ಕಾಪಿ ಹೊಡದುಕೊಟ್ಟ ಸಿ.ಡಿ. ಇದು. ಬಿಸಲಿಗೆ ಇದರೊಳಗ ಚಿತ್ರ, ದನಿ ಹಿಡಿದಿರೋ ಬಣ್ಣ ಮಾಸತೈತಿ. ಡಬ್ಬ್ಯಾಗ ಹಾಕಿ ನೆಳ್ಳಾಗ ಇಟ್ಟಿದ್ರ ಉಳೀತಿತ್ತೇನೋ. ಗ್ಯಾರಂಟಿ ಹೇಳಾಂಗಿಲ್ಲ. ಯಾರೂ ಮುಟ್ಟದ ಇದ್ದವೂ ಹತ್ತು ವರ್ಷಕ್ಕ ಹೋಗ್ಯಾವ.”

ಮೊಮ್ಮಗಳು ನಕ್ಕಳು. ಕಣ್ಣಲ್ಲಿ ನೀರಿತ್ತು. “ಅಜ್ಜೀ, ದೇವ್ರನ್ನೂ ಹಿಂಗ ತಿಕ್ಕಿ ತಿಕ್ಕಿ ಕಣ್ಣು ಮೂಗು ಇಲ್ದಂಗ ಮಾಡೀದಿ. ನಮ್ಮವ್ವನ್ನೂ ಬಿಡಲಿಲ್ಲ ನೋಡು.”

ಅದು ಸುಳ್ಳಲ್ಲ. ನಮ್ಮ ಹಿತ್ತಾಳೆ ದೇವರ ಮುಖ ಗುಂಡುಕಲ್ಲಿನಂತಾಗಿದೆ.

ಮಸ್ಕಿಗೆ ಮರಳುವ ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು. “ಅವ್ವ ಏನಂತ ಒಡಪು ಹೇಳಿದ್ಲು? ನೀನರ ನೆನಪು ಮಾಡು.”

ಪೆಟ್ಟಿಗೆ ಕೆಡುವ ಮುಂಚೆ ಎಷ್ಟೋ ಸಲ ನೋಡಿದ್ದೆ. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದು ನೆನಪಿದೆ. “ಜೋರಾಗಿ ಹೇಳಬೇ” ಎಂದು ನಾದಿನಿ ಕೂಗಿದ್ದು, ಎಲ್ಲರೂ ನಕ್ಕಿದ್ದು ನೆನಪಿದೆ. ಒಡಪು ನೆನಪಿಲ್ಲ.

“ಇಲ್ಲ, ಹೋಗೇತಿ” ಅಂದೆ.

“ಏನರ ಒಂದು ಕಟ್ಟಿ ಹೇಳಬಾರದಾ? ನನಗೇನು ಗೊತ್ತಾಗತಿತ್ತು?”

“ಕಟ್ಟಿದ್ರ ಅದು ನಂದಾಗತೈತಿ. ನಿಮ್ಮವ್ವಂದಲ್ಲ.”

ಅವಳು ಕಿಟಕಿಯ ಕಡೆ ತಿರುಗಿದಳು.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ಎದ್ದು ಜಗುಲಿಯ ಸಾಮಾನು ಇಳಿಸಿದೆ. ದೀಪ, ತಟ್ಟೆ, ಗಂಟೆ ತಿಕ್ಕಿದೆ. ದೇವರ ಮುಖಕ್ಕೆ ಹುಣಸೆಹಣ್ಣು ಮುಟ್ಟಿಸಲಿಲ್ಲ. ನೀರು ಹಾಕಿ ಒರೆಸಿ ಇಟ್ಟೆ.