ಪ್ರಶಸ್ತಿ ಗೆದ್ದ ಕುರಿ

ಗೆಳೆಯರೆ, ರಾಯಚೂರಿನ ನಮ್ಮ ಚಿತ್ರಕಲಾ ಶಾಲೆಯ ಛಾವಣಿಗೆ ಹಣ ಕೂಡಿಸಲು ಇವತ್ತು ನಡೆದ ಸಮಾರಂಭದಲ್ಲಿ ನನಗೆ ಉತ್ತಮ ವಿನ್ಯಾಸದ ಪ್ರಶಸ್ತಿ ಬಂತು. ಮಾನ್ವಿಯ ಕಂಬಳಿ ನೇಕಾರರಿಗೆ ಬರೆದುಕೊಟ್ಟ ಕುರಿಯ ಲೇಬಲ್ಲಿಗೆ ಸಿಕ್ಕ ಮರ್ಯಾದೆ ಅದು. ಅದೇ ಕುರಿಯನ್ನು ದೊಡ್ಡ ಬಟ್ಟೆಯ ಮೇಲೆ ಬರೆಸಿ ವೇದಿಕೆಯ ಹಿಂದೆ ಕಟ್ಟಿದ್ದರು.

ಕೊರಳಿಗೆ ಹಾರ ಬೀಳುತ್ತಿದ್ದಂತೆ, ದೇಣಿಗೆ ಕೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ಕುರ್ಡಿಯ ಕುರಿಗಾರ ಈರಪ್ಪಜ್ಜ ಎದ್ದು ನಿಂತ.

“ತಮ್ಮಾ, ಇದು ಯಾವೂರ ಕುರಿ? ನಮ್ಮವು ಕರ್ರಗಿರ್ತಾವ, ಕಿವಿ ಜೋತು ಬಿದ್ದಿರ್ತಾವ. ಇದು ಹತ್ತಿ ಮೂಟಿ ಇದ್ದಂಗ ಕಾಣಾಕತ್ತದ.”

ಶಕ್ತಿನಗರದ ವಿದ್ಯುತ್ ಸ್ಥಾವರದ ಕೆಲಸಕ್ಕೆ ಹೊಸದಾಗಿ ಬಂದ ಎಂಜಿನಿಯರುಗಳೂ ಸೇರಿ ಇಡೀ ಸಭೆ ನಕ್ಕಿತು. ಏನಾದರೂ ಸುಳ್ಳು ಹೇಳಿ ಪಾರಾಗಬಹುದಿತ್ತು, ಆದರೆ ಮನಸ್ಸು ಬರಲಿಲ್ಲ.

“ವಿಲಾಯತಿ ಕ್ಯಾಲೆಂಡರ್ ನೋಡಿ ಬರದೀನಿ ಯಪ್ಪಾ” ಎಂದು ಮೈಕಿನಲ್ಲೇ ಒಪ್ಪಿಕೊಂಡೆ. “ಒಮ್ಮಿ ನಿಮ್ಮ ಕುರಿ ಮುಂದ ಕುಂತು ಬರೀತೀನಿ. ನಾಳೆ ಬರ್ಲೇನ್ರಿ?”

ಅಜ್ಜ ನನ್ನ ಕೈಯಲ್ಲಿದ್ದ ಪ್ರಶಸ್ತಿಪತ್ರವನ್ನು ನೋಡಿದ.

“ಬಾ ತಮ್ಮಾ. ಅದನ್ನ ಮಾತ್ರ ಮನ್ಯಾಗ ಇಟ್ಟು ಬಾ. ನಮ್ಮ ಕುರಿ ಕಾಗದ ತಿಂತಾವ.”